ಎರಡು ಅರ್ಧ ಕೊಡಗಳ ಲೆಕ್ಕ: ಅಡೆನಿಲೇಟ್ ಕೈನೇಸ್ ಎಂಬ ಕಿಣ್ವದ ಕುರಿತು

(ವಿಜ್ಞಾನದ ವಿದ್ಯಾರ್ಥಿಗಳೂ ಆಸಕ್ತ ನಾಗರಿಕರೂ ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕರಿಹಲಗೆಯ ಮೇಲೆ ಬರೆದು ತೋರಿಸಿದ್ದ ಲೆಕ್ಕವನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಉಳಿಸಿಕೊಂಡಿದ್ದೇನೆ.)

ಸ್ನೇಹಿತರೇ,

ಎರಡು ಕೊಡಗಳಲ್ಲಿ ಅರ್ಧರ್ಧ ನೀರಿದೆ. ಒಂದರ ನೀರನ್ನು ಇನ್ನೊಂದಕ್ಕೆ ಸುರಿದರೆ ಒಂದು ಕೊಡ ತುಂಬುತ್ತದೆ, ಇನ್ನೊಂದು ಬರಿದಾಗುತ್ತದೆ. ಮನೆಯಲ್ಲಿರುವ ನೀರು ಮಾತ್ರ ಒಂದು ಹನಿಯೂ ಹೆಚ್ಚಲಿಲ್ಲ, ಒಂದು ಹನಿಯೂ ಕಡಿಮೆಯಾಗಲಿಲ್ಲ. ನಾನು ಇಂದು ಮಾತನಾಡಲು ಆರಿಸಿಕೊಂಡಿರುವ ಕಿಣ್ವ ನಮ್ಮ ಪ್ರತಿಯೊಂದು ಜೀವಕೋಶದಲ್ಲಿಯೂ ಹಗಲಿರುಳು ಮಾಡುವುದು ಇಷ್ಟೇ ಕೆಲಸ. ಅದರ ಹೆಸರು ಅಡೆನಿಲೇಟ್ ಕೈನೇಸ್. ಅದು ಎರಡು ಎಡಿಪಿ ಅಣುಗಳನ್ನು ಹಿಡಿದು, ಒಂದರ ತುದಿಯ ಫಾಸ್ಫೇಟನ್ನು ಇನ್ನೊಂದಕ್ಕೆ ದಾಟಿಸಿ, ಒಂದು ಎಟಿಪಿಯನ್ನೂ ಒಂದು ಎಎಂಪಿಯನ್ನೂ ಬಿಡುಗಡೆ ಮಾಡುತ್ತದೆ. ಬೇಕಾದಾಗ ಇದೇ ಕೆಲಸವನ್ನು ತಿರುಗುಮುರುಗಾಗಿಯೂ ಮಾಡುತ್ತದೆ. ಆಹಾರವನ್ನು ಉರಿಸಿ ಹೊಸದಾಗಿ ಶಕ್ತಿ ಗಳಿಸುವ ಕಿಣ್ವವಲ್ಲ ಇದು. ಇರುವುದನ್ನೇ ಅಲ್ಲಿಂದಿಲ್ಲಿಗೆ ಸುರಿಯುವ ಕಿಣ್ವ. ಹಾಗಿದ್ದರೂ ಬ್ಯಾಕ್ಟೀರಿಯದಿಂದ ಹಿಡಿದು ಮನುಷ್ಯನವರೆಗೆ ಜೀವಕೋಶಗಳು ಇದನ್ನು ಬಿಡದೆ ಉಳಿಸಿಕೊಂಡು ಬಂದಿವೆ. ಏಕೆ ಎಂಬುದೇ ಈ ಉಪನ್ಯಾಸದ ಪ್ರಶ್ನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನಾವು ತುಂಬಿದ ಕೊಡವನ್ನು ನೋಡುತ್ತೇವೆ, ಜೀವಕೋಶವಾದರೋ ಖಾಲಿಯಾದ ಕೊಡವನ್ನು ಎಣಿಸುತ್ತದೆ.

ಮೊದಲು ಪಾತ್ರಧಾರಿಗಳ ಪರಿಚಯವಾಗಲಿ. ಅಡೆನಿನ್ ಎಂಬುದು ಪ್ಯೂರಿನ್ ಗುಂಪಿಗೆ ಸೇರಿದ, ಎರಡು ಉಂಗುರಗಳು ಒಂದಕ್ಕೊಂದು ಅಂಟಿಕೊಂಡಂತಿರುವ ಸಾರಜನಕಯುಕ್ತ ಸಂಯುಕ್ತ. ಅದಕ್ಕೆ ರೈಬೋಸ್ ಎಂಬ ಸಕ್ಕರೆ ಸೇರಿದರೆ ಅಡೆನೋಸಿನ್ ಆಗುತ್ತದೆ. ಆ ಸಕ್ಕರೆಗೆ ಒಂದು ಫಾಸ್ಫೇಟ್ ಜೋಡಿಸಿದರೆ ಎಎಂಪಿ, ಎರಡಾದರೆ ಎಡಿಪಿ, ಮೂರಾದರೆ ಎಟಿಪಿ. ಸಕ್ಕರೆಗೆ ನೇರವಾಗಿ ಅಂಟಿದ ಮೊದಲ ಫಾಸ್ಫೇಟಿನ ಬಂಧದಿಂದ ಜೀವಕೋಶಕ್ಕೆ ಹೆಚ್ಚಿನ ಪ್ರಯೋಜನವಿಲ್ಲ. ಫಾಸ್ಫೇಟು ಫಾಸ್ಫೇಟುಗಳ ನಡುವಿನ ಬಂಧಗಳು ಮುರಿದಾಗ ದೊರೆಯುವ ಶಕ್ತಿಯೇ ಕೆಲಸಕ್ಕೆ ಬರುವಂಥದ್ದು. ಅಂಥ ಬಂಧಗಳು ಎಟಿಪಿಯಲ್ಲಿ ಎರಡು, ಎಡಿಪಿಯಲ್ಲಿ ಒಂದು, ಎಎಂಪಿಯಲ್ಲಿ ಒಂದೂ ಇಲ್ಲ. ತುಂಬಿದ ಕೊಡ, ಅರ್ಧ ಕೊಡ, ಖಾಲಿ ಕೊಡ ಎಂದು ನಾನು ಹೇಳಿದ್ದು ಈ ಲೆಕ್ಕದಿಂದ. ಎಟಿಪಿಯನ್ನು ಜೀವಕೋಶದ ನಾಣ್ಯವೆಂದು ಕರೆಯುವ ರೂಢಿ ಪಠ್ಯಪುಸ್ತಕಗಳಲ್ಲಿದೆ. ನನಗೆ ಆ ಹೋಲಿಕೆ ಅಷ್ಟಾಗಿ ಹಿಡಿಸದು, ಏಕೆಂದರೆ ನಾಣ್ಯವನ್ನು ಕೂಡಿಡಬಹುದು, ಎಟಿಪಿಯನ್ನು ಕೂಡಿಡಲಾಗದು. ವಿಶ್ರಾಂತಿಯಲ್ಲಿರುವ ಮನುಷ್ಯನೂ ದಿನವೊಂದಕ್ಕೆ ಹೆಚ್ಚುಕಡಿಮೆ ತನ್ನ ದೇಹತೂಕದಷ್ಟು ಎಟಿಪಿಯನ್ನು ಒಡೆದು ಮತ್ತೆ ಕಟ್ಟುತ್ತಾನೆ ಎಂದು ಅಂದಾಜಿದೆ. ಯಾವುದೇ ಒಂದು ಕ್ಷಣದಲ್ಲಿ ದೇಹದಲ್ಲಿರುವುದು ಅದರ ಅತ್ಯಲ್ಪ ಭಾಗ ಮಾತ್ರ. ಸೇದಿದಷ್ಟೇ ಖರ್ಚಾಗುವ ಮನೆಯಲ್ಲಿ ಕೊಡಗಳ ಸಂಖ್ಯೆಗಿಂತ ಯಾವ ಕೊಡ ಎಷ್ಟು ತುಂಬಿದೆ ಎಂಬ ಎಚ್ಚರ ಮುಖ್ಯ.

ಎಟಿಪಿಯನ್ನು 1929ರಲ್ಲಿ ಎರಡು ಕಡೆ ಸ್ವತಂತ್ರವಾಗಿ ಗುರುತಿಸಲಾಯಿತು. ಜರ್ಮನಿಯಲ್ಲಿ ಓಟೊ ಮೈಯರ್‌ಹೋಫ್ ಅವರ ಬಳಗದಲ್ಲಿದ್ದ ಕಾರ್ಲ್ ಲೋಮನ್ ಒಬ್ಬರು. ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಮತ್ತು ಆಂಧ್ರದ ಭೀಮಾವರದಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯಕೀಯ ಓದಿದ್ದ ಯಲ್ಲಾಪ್ರಗಡ ಸುಬ್ಬರಾವ್ ಇನ್ನೊಂದು ಜೋಡಿ. ಫಾಸ್ಫೇಟನ್ನು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ಫಿಸ್ಕ್–ಸುಬ್ಬರಾವ್ ವಿಧಾನ 1925ರದು. ನಮ್ಮ ಕಾಲೇಜುಗಳ ಜೀವರಸಾಯನ ಪ್ರಯೋಗಾಲಯಗಳಲ್ಲಿ ಎಷ್ಟೋ ತಲೆಮಾರುಗಳು ಈ ವಿಧಾನವನ್ನು ಮಾಡಿ ಕಲಿತಿವೆ, ನಾನೂ ಕಲಿತವನೇ. ಫಾಸ್ಫೇಟು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಅಳೆಯಲು ಬಾರದೇ ಇದ್ದಿದ್ದರೆ, ಫಾಸ್ಫೇಟ್ ದಾಟಿಸುವ ಕಿಣ್ವವೊಂದು ಇದೆಯೆಂದು ಯಾರೂ ಅನುಮಾನಿಸುತ್ತಿರಲಿಲ್ಲ.

ಆ ಅನುಮಾನ ಮೂಡಿದ್ದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ, ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಯ ಪ್ರಯೋಗಾಲಯದಲ್ಲಿ. ಡೆನ್ಮಾರ್ಕಿನಿಂದ ಬಂದಿದ್ದ ಹರ್ಮನ್ ಕಾಲ್ಕರ್ ಹಾಗೂ ಅಲ್ಲಿಯೇ ಕೆಲಸ ಮಾಡುತ್ತಿದ್ದ ಸಿಡ್ನಿ ಕೊಲೊವಿಕ್ ಹೆಕ್ಸೊಕೈನೇಸ್ ಎಂಬ ಬೇರೊಂದು ಕಿಣ್ವವನ್ನು ಪರೀಕ್ಷಿಸುತ್ತಿದ್ದರು. ಯೀಸ್ಟಿನಿಂದ ತೆಗೆದ ಹೆಕ್ಸೊಕೈನೇಸ್ ಎಟಿಪಿಯ ಒಂದು ಫಾಸ್ಫೇಟನ್ನು ಸಕ್ಕರೆಗೆ ವರ್ಗಾಯಿಸಿ, ಎಡಿಪಿಯನ್ನು ಉಳಿಸಿ ಸುಮ್ಮನಾಗುತ್ತಿತ್ತು. ಅದೇ ಮಿಶ್ರಣಕ್ಕೆ ಸ್ನಾಯುವಿನ ಸಾರವನ್ನು ಸ್ವಲ್ಪ ಸೇರಿಸಿದರೆ ಎಡಿಪಿಯಲ್ಲಿ ಉಳಿದಿದ್ದ ಫಾಸ್ಫೇಟೂ ಸಕ್ಕರೆಯ ಪಾಲಾಗುತ್ತಿತ್ತು. ಸ್ನಾಯುವಿನಲ್ಲಿರುವ ಆ ವಸ್ತು ಹೆಕ್ಸೊಕೈನೇಸನ್ನು ಚುರುಕುಗೊಳಿಸುತ್ತಿದೆ ಎಂದೇ ಅವರು 1941ರಲ್ಲಿ ಭಾವಿಸಿದ್ದರು. ಅದು ಬರೀ ಪ್ರಚೋದಕವಲ್ಲ, ತಾನೇ ಒಂದು ಕಿಣ್ವ, ಎಡಿಪಿಗಳನ್ನು ಜೋಡಿಸಿ ಎಟಿಪಿಯನ್ನು ಮರಳಿ ಮಾಡಿಕೊಡುವುದೇ ಅದರ ಕೆಲಸ ಎಂಬುದು ಬೇಗನೆ ಸ್ಪಷ್ಟವಾಯಿತು. 1943ರ ಬರಹಗಳಲ್ಲಿ ಅವರು ಇದನ್ನು ವಿವರವಾಗಿ ನಿರೂಪಿಸಿದರು. ಸ್ನಾಯುವಿನಲ್ಲಿ ಸಿಕ್ಕಿದ್ದರಿಂದ ಅದಕ್ಕೆ ಮಯೋಕೈನೇಸ್ ಎಂದು ಹೆಸರಾಯಿತು. ಹಳೆಯ ಪುಸ್ತಕಗಳಲ್ಲಿ ನಿಮಗೆ ಸಿಗುವುದು ಆ ಹೆಸರೇ.

ಈ ಶೋಧದಲ್ಲಿ ನನಗೆ ಬಹಳ ಇಷ್ಟವಾದ ವಿವರವೊಂದಿದೆ. ಕಿಣ್ವವೆಂದರೆ ಬಿಸಿ ತಾಗಿದರೆ ಕೆಡುವ ಪದಾರ್ಥವೆಂದು ನಾವೆಲ್ಲ ಕಲಿತಿದ್ದೇವೆ. ಮೊಟ್ಟೆ ಬೇಯುವುದನ್ನು ಕಂಡವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಸ್ನಾಯುವಿನ ಈ ಕಿಣ್ವವಾದರೋ ನೀರು ಬೆರೆಸಿ ತೆಳುವಾಗಿಸಿದ ಆಮ್ಲದಲ್ಲಿ ಕಾಯಿಸಿದರೂ ಉಳಿಯುತ್ತಿತ್ತು. ಉಳಿದ ಪ್ರೋಟೀನುಗಳು ಹೆಪ್ಪುಗಟ್ಟಿ ತಳ ಸೇರಿದ ಮೇಲೆ ತಿಳಿಯಲ್ಲಿ ಇದೊಂದು ಕ್ರಿಯಾಶೀಲವಾಗಿಯೇ ಇರುತ್ತಿತ್ತು. ಶುದ್ಧೀಕರಿಸುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಬೇಕೇ? ಗಾತ್ರದಲ್ಲಿಯೂ ಅದು ಪುಟ್ಟದು: ಮನುಷ್ಯನ ಸ್ನಾಯುವಿನಲ್ಲಿರುವ ರೂಪದಲ್ಲಿ 194 ಅಮೈನೋ ಆಮ್ಲಗಳಿವೆ, ಇ. ಕೋಲಿ ಬ್ಯಾಕ್ಟೀರಿಯದ ರೂಪದಲ್ಲಿ 214.

ಈಗ ಮೂಲ ಪ್ರಶ್ನೆಗೆ ಬರೋಣ. ಸ್ನಾಯು ದುಡಿಯುವಾಗ ಎಟಿಪಿ ಒಡೆದು ಎಡಿಪಿ ಹೆಚ್ಚುತ್ತದೆ, ಆಗ ಎಡಿಪಿಯಲ್ಲಿ ಉಳಿದಿರುವ ಶಕ್ತಿಯನ್ನೂ ಹಿಂಡಿಕೊಳ್ಳಲು ಈ ಕಿಣ್ವ ನೆರವಾಗುತ್ತದೆ ಎಂಬುದು ಮೊದಲ ಉತ್ತರ. ಕಾಲ್ಕರ್ ಅವರ ಪ್ರಯೋಗ ತೋರಿಸಿದ್ದೂ ಅದನ್ನೇ. ಸ್ನಾಯುವಿನಿಂದಾಚೆ ನೋಡಿದರೆ ವಿರುದ್ಧ ದಿಕ್ಕಿನ ಕೆಲಸವೂ ಅಷ್ಟೇ ಅಗತ್ಯವೆಂದು ತಿಳಿಯುತ್ತದೆ. ಜೀವಕೋಶದ ಕೆಲವು ಕ್ರಿಯೆಗಳು ಎಟಿಪಿಯಿಂದ ಒಂದು ಫಾಸ್ಫೇಟನ್ನು ಕೀಳುವುದಿಲ್ಲ. ಎರಡನ್ನು ಒಟ್ಟಿಗೆ ಕಿತ್ತು ಎಎಂಪಿಯನ್ನು ಉಳಿಸುತ್ತವೆ. ಪ್ರೋಟೀನ್ ಕಟ್ಟುವ ಮುನ್ನ ಪ್ರತಿಯೊಂದು ಅಮೈನೋ ಆಮ್ಲವನ್ನು ಅದರ ವಾಹಕ ಆರ್‌ಎನ್‌ಎಗೆ ಜೋಡಿಸುವಾಗಲೂ, ಕೊಬ್ಬಿನ ಆಮ್ಲಗಳನ್ನು ಉರಿಸುವ ಮುನ್ನ ಸಿದ್ಧಗೊಳಿಸುವಾಗಲೂ ಹೀಗೆಯೇ ಆಗುತ್ತದೆ. ಇಲ್ಲಿ ಹುಟ್ಟಿದ ಎಎಂಪಿ ಹಾಗೆಯೇ ಬಿದ್ದಿದ್ದರೆ ನಿರುಪಯೋಗಿ, ಏಕೆಂದರೆ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಿ ಎಟಿಪಿ ಕಟ್ಟುವ ಯಂತ್ರವು ಎಡಿಪಿಗೆ ಮಾತ್ರ ಫಾಸ್ಫೇಟ್ ಸೇರಿಸಬಲ್ಲದು, ಎಎಂಪಿಯನ್ನು ಅದು ಮುಟ್ಟುವುದಿಲ್ಲ. ಖಾಲಿ ಕೊಡವನ್ನು ನೇರವಾಗಿ ನಲ್ಲಿಗೆ ಹಿಡಿಯಲಾಗದ ವಿಚಿತ್ರ ಮನೆ ಇದು: ಮೊದಲು ತುಂಬಿದ ಕೊಡವೊಂದರಿಂದ ಅದಕ್ಕೆ ಅರ್ಧ ಸುರಿಯಬೇಕು, ಆಮೇಲೆ ಎರಡು ಅರ್ಧ ಕೊಡಗಳನ್ನೂ ನಲ್ಲಿಗೆ ಒಯ್ಯಬೇಕು. ಆ ಸುರಿಯುವ ಕೈ ಅಡೆನಿಲೇಟ್ ಕೈನೇಸಿನದು.

ಪ್ಯೂರಿನ್ ಚಯಾಪಚಯದಲ್ಲಿ ಇದರ ಸ್ಥಾನವೂ ಇಲ್ಲಿಯೇ ಇದೆ. ಜೀವಕೋಶ ಪ್ಯೂರಿನ್ ಉಂಗುರವನ್ನು ಸಣ್ಣ ಸಣ್ಣ ಅಣುಗಳಿಂದ ಹಂತಹಂತವಾಗಿ ಕಟ್ಟಿ ಮೊದಲು ಐಎಂಪಿ ಎಂಬ, ಒಂದೇ ಫಾಸ್ಫೇಟಿರುವ ಅಣುವನ್ನು ಪಡೆಯುತ್ತದೆ. ಅಲ್ಲಿಂದ ದಾರಿ ಕವಲೊಡೆದು ಒಂದು ಕಡೆ ಎಎಂಪಿ, ಇನ್ನೊಂದು ಕಡೆ ಅಡೆನಿನ್ ಬದಲು ಗ್ವಾನಿನ್ ಇರುವ ಜಿಎಂಪಿ ದೊರೆಯುತ್ತವೆ. ಹೊಸದಾಗಿ ಕಟ್ಟಿದ್ದಾಗಲಿ, ಹಳೆಯ ಆರ್‌ಎನ್‌ಎ ಒಡೆದಾಗ ಸಿಕ್ಕಿದ್ದಾಗಲಿ, ಎಎಂಪಿ ಮುಂದಿನ ಯಾವ ಕೆಲಸಕ್ಕೆ ಬರಬೇಕಾದರೂ ಮೊದಲು ಎಡಿಪಿ ಆಗಬೇಕು. ಜಿಎಂಪಿಗೆ ಅದರದೇ ಆದ ಕಿಣ್ವವಿದೆ, ಗ್ವಾನಿಲೇಟ್ ಕೈನೇಸ್. ಅದರ ಕುರಿತು ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ: ಹರ್ಪಿಸ್ ಸೋಂಕಿಗೆ ವೈದ್ಯರು ಬರೆದುಕೊಡುವ ಅಸೈಕ್ಲೊವಿರ್ ಔಷಧಕ್ಕೆ ಮೊದಲ ಫಾಸ್ಫೇಟನ್ನು ವೈರಸ್ಸಿನ ಕಿಣ್ವವೇ ಅಂಟಿಸುತ್ತದೆ, ಎರಡನೆಯದನ್ನು ನಮ್ಮ ಗ್ವಾನಿಲೇಟ್ ಕೈನೇಸ್ ಅಂಟಿಸುತ್ತದೆ. ಹೀಗೆ ಶತ್ರುವೂ ಮನೆಯವನೂ ಸೇರಿ ಆ ಮದ್ದನ್ನು ಹದಗೊಳಿಸುತ್ತಾರೆ.

ಇನ್ನು ನಾನು ಕರಿಹಲಗೆಯ ಮೇಲೆ ಮಾಡಿ ತೋರಿಸಿದ ಲೆಕ್ಕ. ಎರಡೂ ದಿಕ್ಕಿನ ಕ್ರಿಯೆ ಸರಿದೂಗಿದಾಗ ಅಣುಗಳ ಪ್ರಮಾಣ ಹೇಗಿರುತ್ತದೆ ಎಂದು ಹೇಳುವ ಸಂಖ್ಯೆಯೇ ಸಮತೋಲ ಸ್ಥಿರಾಂಕ; ಈ ಕ್ರಿಯೆಗೆ ಅದು ಒಂದರ ಆಸುಪಾಸಿನಲ್ಲಿದೆ. ಮೆಗ್ನೀಷಿಯಂ ಎಷ್ಟಿದೆ ಎಂಬುದರ ಮೇಲೆ ಅದು ಸ್ವಲ್ಪ ಅತ್ತಿತ್ತ ಆಗುತ್ತದೆ, ನಾವು ಅನುಕೂಲಕ್ಕಾಗಿ ಒಂದೇ ಎಂದು ಹಿಡಿಯೋಣ. ಅಂದರೆ, ಎಟಿಪಿಯ ಪ್ರಮಾಣವನ್ನು ಎಎಂಪಿಯ ಪ್ರಮಾಣದಿಂದ ಗುಣಿಸಿದರೆ ಎಡಿಪಿಯ ವರ್ಗಕ್ಕೆ ಸಮವಾಗಿರಬೇಕು. ಆರಾಮವಾಗಿರುವ ಕೋಶವೊಂದರಲ್ಲಿ ಎಟಿಪಿ 1000, ಎಡಿಪಿ 100 ಇವೆ ಎಂದುಕೊಂಡರೆ ಎಎಂಪಿ 10 ಆಗುತ್ತದೆ. 1000ವನ್ನು 10ರಿಂದ ಗುಣಿಸಿದರೂ 100ನ್ನು 100ರಿಂದ ಗುಣಿಸಿದರೂ ಒಂದೇ ಮೊತ್ತ. ಒಟ್ಟು ಅಣುಗಳು 1110. ಈಗ ಕೋಶ ದುಡಿಯತೊಡಗಿ ಎಟಿಪಿ ಹತ್ತರಲ್ಲೊಂದು ಪಾಲು ಇಳಿದು 900 ಆಯಿತೆನ್ನಿ. ಅಡೆನಿಲೇಟ್ ಕೈನೇಸ್ ಇಲ್ಲದಿದ್ದರೆ ಎಡಿಪಿ 200ಕ್ಕೆ ಏರುತ್ತಿತ್ತು, ಎಎಂಪಿ ಮೊದಲಿನಂತೆ 10 ಆಗಿಯೇ ಉಳಿಯುತ್ತಿತ್ತು. ಕಿಣ್ವವಿರುವಾಗ ಸಮತೋಲದ ಷರತ್ತು ಪೂರೈಸಲೇಬೇಕು; ಲೆಕ್ಕ ಬಿಡಿಸಿದರೆ ಎಡಿಪಿ ಸುಮಾರು 176, ಎಎಂಪಿ ಸುಮಾರು 34 ಎಂದು ಬರುತ್ತದೆ. ಎಟಿಪಿ ಇಳಿದದ್ದು ಶೇಕಡ ಹತ್ತು, ಎಎಂಪಿ ಏರಿದ್ದು ಮೂರು ಪಟ್ಟಿಗೂ ಮಿಗಿಲು. ಎಟಿಪಿ ಇನ್ನೂ ಇಳಿದು 800 ಆದರೆ ಎಡಿಪಿ ಸುಮಾರು 239, ಎಎಂಪಿ ಸುಮಾರು 71, ಅಂದರೆ ಮೊದಲಿದ್ದುದರ ಏಳು ಪಟ್ಟು.

ಈ ಸಂಖ್ಯೆಗಳನ್ನು ಒಂದು ಗಳಿಗೆ ನೋಡಿ. ಕೋಶವು ತನ್ನ ಶಕ್ತಿಯ ಸ್ಥಿತಿಯನ್ನು ಎಟಿಪಿಯಿಂದಲೇ ಅಳೆಯಲು ಹೊರಟಿದ್ದರೆ 1000 ಮತ್ತು 900ರ ನಡುವಿನ ವ್ಯತ್ಯಾಸವನ್ನು ಗುರುತಿಸಬೇಕಾಗಿತ್ತು. ಪ್ರೋಟೀನ್ ಅಣುವೊಂದಕ್ಕೆ ಅದು ಕಷ್ಟದ ಕೆಲಸ, ತುಂಬಿದ ಸಭೆಯಲ್ಲಿ ಹತ್ತು ಜನ ಎದ್ದುಹೋದರೆ ವೇದಿಕೆಯ ಮೇಲಿದ್ದವರಿಗೆ ತಿಳಿಯದ ಹಾಗೆ. 10 ಇದ್ದದ್ದು 34 ಆದರೆ, 71 ಆದರೆ ಗಮನಿಸದೆ ಇರಲು ಸಾಧ್ಯವಿಲ್ಲ. ನೀರನ್ನು ಹೆಚ್ಚಿಸದ, ಕಡಿಮೆಯೂ ಮಾಡದ ಈ ಕಿಣ್ವ ಮಾಡಿದ್ದು ಇದನ್ನು: ಸಣ್ಣ ಕೊರತೆಯೊಂದನ್ನು ದೊಡ್ಡ ದನಿಯ ಸುದ್ದಿಯಾಗಿ ಪರಿವರ್ತಿಸಿತು. ಎಎಂಪಿ ಮತ್ತು ಎಟಿಪಿಗಳ ಅನುಪಾತವು ಎಡಿಪಿ ಮತ್ತು ಎಟಿಪಿಗಳ ಅನುಪಾತದ ವರ್ಗದಂತೆ ಬದಲಾಗುವುದೇ ಈ ವರ್ಧನೆಯ ಗುಟ್ಟು. ಇದಕ್ಕಾಗಿ ಪ್ರತ್ಯೇಕ ಯಂತ್ರವೇನೂ ಬೇಕಾಗಲಿಲ್ಲ. ಎರಡು ಎಡಿಪಿಗಳು ಸೇರಬೇಕಾದ ಕ್ರಿಯೆಯಲ್ಲಿ ವರ್ಗ ತಾನಾಗಿಯೇ ಬಂದು ಕೂಡುತ್ತದೆ.

ಡೇನಿಯಲ್ ಅಟ್ಕಿನ್ಸನ್ ಎಂಬ ವಿಜ್ಞಾನಿ 1968ರಲ್ಲಿ ಕೋಶದ ಶಕ್ತಿಸ್ಥಿತಿಯನ್ನು ಸೊನ್ನೆಯಿಂದ ಒಂದರವರೆಗಿನ ಒಂದೇ ಸಂಖ್ಯೆಯಲ್ಲಿ ಹೇಳುವ ಸೂತ್ರವನ್ನು ಕೊಟ್ಟರು. ಎಟಿಪಿಯ ಪ್ರಮಾಣಕ್ಕೆ ಎಡಿಪಿಯ ಅರ್ಧವನ್ನು ಕೂಡಿಸಿ, ಮೂರರ ಒಟ್ಟು ಮೊತ್ತದಿಂದ ಭಾಗಿಸುವುದೇ ಆ ಸೂತ್ರ. ಆ ಅರ್ಧ ಎಲ್ಲಿಂದ ಬಂತು ಎಂದು ವಿದ್ಯಾರ್ಥಿಗಳು ಕೇಳುವುದೇ ಇಲ್ಲ, ಬಾಯಿಪಾಠ ಮಾಡಿ ಬರೆದುಬಿಡುತ್ತಾರೆ. ಅದು ನಮ್ಮ ಅರ್ಧ ಕೊಡವೇ: ಎರಡು ಎಡಿಪಿಗಳಿಂದ ಒಂದು ಎಟಿಪಿಯನ್ನು ಪಡೆಯಬಲ್ಲ ಕಿಣ್ವವಿರುವುದರಿಂದ ಪ್ರತಿ ಎಡಿಪಿಯೂ ಅರ್ಧ ಎಟಿಪಿಗೆ ಸಮ. ನಮ್ಮ ಉದಾಹರಣೆಯಲ್ಲಿ ಈ ಸಂಖ್ಯೆ 0.95ರಿಂದ 0.89ಕ್ಕೆ ಇಳಿಯುವಷ್ಟರಲ್ಲಿ ಎಎಂಪಿ ಮೂರು ಪಟ್ಟು ದಾಟಿರುತ್ತದೆ.

ಸುದ್ದಿಯನ್ನು ಕೇಳಿಸಿಕೊಳ್ಳುವವರು ಯಾರು? ಸ್ನಾಯುವಿನಲ್ಲಿ ಗ್ಲೈಕೋಜನ್ ಎಂಬ ಕೂಡಿಟ್ಟ ಸಕ್ಕರೆಯನ್ನು ಒಡೆಯುವ ಫಾಸ್ಫೊರಿಲೇಸ್ ಕಿಣ್ವ ಎಎಂಪಿ ಸೇರಿದಾಗ ಚುರುಕಾಗುತ್ತದೆ ಎಂಬುದನ್ನು ಕೋರಿ ದಂಪತಿಯ ಬಳಗ ಮಯೋಕೈನೇಸ್ ಕಾಣುವ ಮೊದಲೇ ಕಂಡುಕೊಂಡಿತ್ತು. ಗ್ಲೂಕೋಸನ್ನು ಒಡೆಯುವ ದಾರಿಯಲ್ಲಿ ಬಾಗಿಲು ಕಾಯುವ ಫಾಸ್ಫೊಫ್ರಕ್ಟೊಕೈನೇಸ್ ಕೂಡ ಎಎಂಪಿಯ ಕರೆಗೆ ಓಗೊಡುತ್ತದೆ. ಇವರೆಲ್ಲರಿಗಿಂತ ದೊಡ್ಡ ಕೇಳುಗ ಎಎಂಪಿಕೆ ಎಂಬ ಮೂರು ಘಟಕಗಳ ಪ್ರೋಟೀನ್. ಅದರ ಗಾಮಾ ಘಟಕದಲ್ಲಿ ಎಎಂಪಿಯೂ ಎಟಿಪಿಯೂ ಒಂದೇ ಆಸನಕ್ಕಾಗಿ ಪೈಪೋಟಿ ನಡೆಸುತ್ತವೆ. ಎಎಂಪಿ ಕುಳಿತಾಗ ಆ ಪ್ರೋಟೀನ್ ಎಚ್ಚೆತ್ತು, ಕೊಬ್ಬು ಕಟ್ಟುವ ಕೆಲಸವನ್ನು ನಿಲ್ಲಿಸಿ, ಕೊಬ್ಬನ್ನು ಉರಿಸಲು ದಾರಿ ಬಿಟ್ಟುಕೊಟ್ಟು, ಸ್ನಾಯುವು ರಕ್ತದಿಂದ ಹೆಚ್ಚು ಗ್ಲೂಕೋಸ್ ಹೀರಿಕೊಳ್ಳುವಂತೆ ಮಾಡುತ್ತದೆ. ಎಡಿಪಿಗೂ ಅಲ್ಲಿ ಸ್ವಲ್ಪ ಮಾತಿದೆ, ಆದರೆ ಪೂರ್ಣ ಪ್ರಭಾವ ಎಎಂಪಿಯದೇ. ಮಧುಮೇಹಕ್ಕೆ ನಮ್ಮಲ್ಲಿ ಮನೆಮನೆಗೂ ಪರಿಚಿತವಾಗಿರುವ ಮೆಟ್‌ಫಾರ್ಮಿನ್ ಮಾತ್ರೆಯ ಕಥೆಯೂ ಇಲ್ಲಿಗೆ ಬಂದು ಸೇರುತ್ತದೆ. ಅದು ಮೈಟೊಕಾಂಡ್ರಿಯದ ಉಸಿರಾಟವನ್ನು ತುಸು ತಡೆಯುವುದರಿಂದ ಯಕೃತ್ತಿನಲ್ಲಿ ಎಎಂಪಿ ಏರುತ್ತದೆ, ಅದರಿಂದ ಎಎಂಪಿಕೆ ಎಚ್ಚರಗೊಳ್ಳುತ್ತದೆ ಎಂಬುದು ಬಹುಕಾಲ ಒಪ್ಪಿತವಾಗಿದ್ದ ವಿವರಣೆ. ಯಕೃತ್ತಿನಲ್ಲಿ ಎಎಂಪಿಕೆ ಇಲ್ಲದಂತೆ ಮಾಡಿದ ಇಲಿಗಳಲ್ಲಿಯೂ ಆ ಔಷಧ ಸಕ್ಕರೆಯನ್ನು ಇಳಿಸಿತೆಂದು 2010ರಲ್ಲಿ ವರದಿಯಾದ ಮೇಲೆ ವಾದ ಮತ್ತೆ ತೆರೆದುಕೊಂಡಿದೆ. ಎಎಂಪಿ ನೇರವಾಗಿಯೇ ಗ್ಲೂಕೋಸ್ ಕಟ್ಟುವ ಕಿಣ್ವವೊಂದನ್ನು ತಡೆಯಬಲ್ಲದು ಎಂಬುದು ಇನ್ನೊಂದು ಪಕ್ಷದ ಮಾತು. ಯಾವ ಪಕ್ಷ ಗೆದ್ದರೂ ಸುದ್ದಿ ತಂದದ್ದು ಎಎಂಪಿ ಎಂಬಲ್ಲಿ ಇವೆರಡೂ ಒಂದಾಗುತ್ತವೆ.

ಇನ್ನು ಈ ಕಿಣ್ವ ಆ ಕೆಲಸವನ್ನು ಹೇಗೆ ಮಾಡುತ್ತದೆ ಎಂಬುದು. ಫಾಸ್ಫೇಟ್ ದಾಟಿಸುವ ಎಲ್ಲ ಕಿಣ್ವಗಳಿಗೂ ಒಂದು ಆತಂಕವಿದೆ. ಕೋಶದ ತುಂಬ ನೀರಿದೆ, ನೀರಿಗೂ ಫಾಸ್ಫೇಟ್ ಎಂದರೆ ಆಸೆಯೇ. ಕೈಯಿಂದ ಕೈಗೆ ದಾಟುವಾಗ ಆ ಫಾಸ್ಫೇಟು ನೀರಿನ ಪಾಲಾದರೆ ಶಕ್ತಿಯೆಲ್ಲ ಬರೀ ಬಿಸಿಯಾಗಿ ಹೋಗುತ್ತದೆ. ಆದ್ದರಿಂದ ಅಡೆನಿಲೇಟ್ ಕೈನೇಸಿಗೆ ಮುಚ್ಚಳವಿದೆ. ಅಣುವಿನ ನಡುಭಾಗ ಗಟ್ಟಿಯಾದ ಒಡಲು. ಅದರ ಒಂದು ಬದಿಗೆ ಎಎಂಪಿಯನ್ನು ಹಿಡಿಯುವ ತೋಳು, ಇನ್ನೊಂದು ಬದಿಗೆ ಎಟಿಪಿಯ ಮೇಲೆ ಬಂದು ಕವಿಯುವ ಮುಚ್ಚಳ. ಎರಡೂ ಅತಿಥಿಗಳು ಬಂದು ಕುಳಿತ ಮೇಲೆ ತೋಳು ಮತ್ತು ಮುಚ್ಚಳ ಎರಡೂ ಒಳಕ್ಕೆ ಬಾಗಿ ನೀರನ್ನು ಹೊರದೂಡಿ ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಆಗಷ್ಟೇ ಫಾಸ್ಫೇಟು ದಾಟುತ್ತದೆ. ಎಟಿಪಿಯ ಬಾಲವನ್ನು ಸುತ್ತುವರಿದು ಹಿಡಿಯುವ, ಗ್ಲೈಸಿನ್ ಅಮೈನೋ ಆಮ್ಲ ಹೇರಳವಾಗಿರುವ ಕುಣಿಕೆಯೊಂದು ಒಡಲಿನಲ್ಲಿದೆ. ಇದೇ ಬಗೆಯ ಕುಣಿಕೆ ಕ್ಯಾನ್ಸರ್ ಸಂಶೋಧನೆಯಲ್ಲಿ ಪದೇಪದೇ ಕೇಳಿಬರುವ ರಾಸ್ ಪ್ರೋಟೀನೂ ಸೇರಿದಂತೆ ಎಷ್ಟೋ ಪ್ರೋಟೀನುಗಳಲ್ಲಿದೆ. ಮೆಗ್ನೀಷಿಯಂ ಅಯಾನು ಜೊತೆಗಿಲ್ಲದೆ ಕೆಲಸ ಸಾಗದು.

ಹಂದಿಯ ಸ್ನಾಯುವಿನ ಅಡೆನಿಲೇಟ್ ಕೈನೇಸಿನ ಮೂರು ಆಯಾಮದ ರಚನೆಯನ್ನು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಗೆಯೊರ್ಗ್ ಶುಲ್ಜ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದರು. ಮುಚ್ಚಿದ ಸ್ಥಿತಿಯನ್ನು ಹಿಡಿದಿಟ್ಟು ನೋಡಲು ನೆರವಾದದ್ದು ಒಂದು ಜಾಣ ಅಣು: ಎರಡು ಅಡೆನೋಸಿನ್‌ಗಳನ್ನು ಐದು ಫಾಸ್ಫೇಟುಗಳ ಸರಪಳಿಯಿಂದ ಬೆಸೆದ ಸಂಯುಕ್ತ. ಎರಡೂ ಆಸನಗಳನ್ನು ಒಂದೇ ಅತಿಥಿ ಆಕ್ರಮಿಸಿಕೊಂಡಂತೆ ಅದು ಹೋಗಿ ಕುಳಿತು ಕಿಣ್ವವನ್ನು ಬಂಧಿಸಿಬಿಡುತ್ತದೆ. ನಿಜವಾದ ಅತಿಥಿಗಳ ಫಾಸ್ಫೇಟುಗಳನ್ನು ಎಣಿಸಿದರೆ ನಾಲ್ಕೇ ಬರುತ್ತವೆ, ಆದರೆ ಐದರ ಸರಪಳಿಯೇ ಬಿಗಿಯಾಗಿ ಕೂರುತ್ತದೆ. ಎರಡು ಆಸನಗಳ ನಡುವಿನ ಅಂತರಕ್ಕೆ ಸೇತುವೆ ತುಸು ಉದ್ದ ಬೇಕು. ಈ ಅಣು ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿಯೂ ದುಡಿಯುತ್ತಿದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಸ್ನಾಯು ಅಥವಾ ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ನೋಡಲು ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಎಂಬ ಬೇರೊಂದು ಕಿಣ್ವವನ್ನು ಅಳೆಯುತ್ತಾರೆ. ಆ ಪರೀಕ್ಷೆ ಎಡಿಪಿಯಿಂದ ಎಟಿಪಿ ಎಷ್ಟು ಹುಟ್ಟಿತು ಎಂಬುದನ್ನು ಆಧರಿಸಿದೆ. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದಿದ್ದರೆ ಅವುಗಳಿಂದ ಸೋರಿದ ಅಡೆನಿಲೇಟ್ ಕೈನೇಸ್ ತಾನೂ ಎಡಿಪಿಯಿಂದ ಎಟಿಪಿ ಮಾಡಿ, ಇಲ್ಲದ ಪೆಟ್ಟನ್ನು ಇದೆಯೆಂದು ತೋರಿಸಬಹುದು. ಅದನ್ನು ಸುಮ್ಮನಿರಿಸಲು ಪರೀಕ್ಷೆಯ ದ್ರಾವಣದಲ್ಲಿ ಐದು ಫಾಸ್ಫೇಟುಗಳ ಈ ಸಂಯುಕ್ತವನ್ನೂ ಎಎಂಪಿಯನ್ನೂ ಬೆರೆಸಿರುತ್ತಾರೆ.

ಮುಚ್ಚಳದ ಚಲನೆಯೇ ಈ ಕಿಣ್ವದ ವೇಗವನ್ನು ನಿರ್ಧರಿಸುತ್ತದೆ ಎಂಬುದು ಈ ಶತಮಾನದ ಆರಂಭದ ತಿಳಿವಳಿಕೆ. ಅಮೆರಿಕದಲ್ಲಿ ಡೊರೊಥಿ ಕೆರ್ನ್ ಅವರ ಬಳಗವು ಇ. ಕೋಲಿಯ ಕಿಣ್ವವನ್ನೂ, ಕುದಿನೀರಿನ ಸಮೀಪದ ಶಾಖದಲ್ಲಿ ಬದುಕುವ ಅಕ್ವಿಫೆಕ್ಸ್ ಎಂಬ ಬ್ಯಾಕ್ಟೀರಿಯದ ಕಿಣ್ವವನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ 2004ರಲ್ಲಿ ವರದಿ ಮಾಡಿತು. ಫಾಸ್ಫೇಟ್ ದಾಟುವುದು ಬಲುಬೇಗ ಆಗಿಬಿಡುತ್ತದೆ. ತಡವಾಗುವುದು ಕೆಲಸ ಮುಗಿದ ಮೇಲೆ ಮುಚ್ಚಳ ತೆರೆಯುವುದರಲ್ಲಿ. ಸಾಮಾನ್ಯ ಶಾಖದಲ್ಲಿ ಇ. ಕೋಲಿಯ ಮುಚ್ಚಳ ಸೆಕೆಂಡಿಗೆ ನೂರಾರು ಬಾರಿ ತೆರೆಯುತ್ತದೆ, ಅಕ್ವಿಫೆಕ್ಸಿನದು ಅದರ ಒಂದು ಸಣ್ಣ ಭಾಗದಷ್ಟು ಮಾತ್ರ. ಎರಡೂ ಕಿಣ್ವಗಳ ಕೆಲಸದ ವೇಗದಲ್ಲಿರುವ ಅಂತರವೂ ಅಷ್ಟೇ. ಬಿಸಿಯಲ್ಲಿ ಬದುಕುವ ಜೀವಿಯ ಪ್ರೋಟೀನು ಬಿಗುವಾಗಿರಬೇಕಾಗುತ್ತದೆ, ಆ ಬಿಗುವಿಗೆ ತೆರುವ ಬೆಲೆ ತಣ್ಣಗಿನ ವಾತಾವರಣದಲ್ಲಿನ ಮಂದಗತಿ. ಬಾಗಿಲು ತೆರೆಯುವ ಸದ್ದು ಕೇಳಿದರೆ ಅಂಗಡಿಯ ವ್ಯಾಪಾರ ತಿಳಿಯುತ್ತದೆ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು.

ಖಾಲಿ ಕೊಡಗಳು ರಾಶಿಯಾದರೆ ಏನಾಗುತ್ತದೆ? ವಿಪರೀತ ದಣಿದ ಸ್ನಾಯುವಿನಲ್ಲಿ ಎಎಂಪಿಯನ್ನು ಹೊರಗೆಳೆಯುವ ಇನ್ನೊಂದು ಕಿಣ್ವ ಕೆಲಸಕ್ಕೆ ಇಳಿಯುತ್ತದೆ, ಎಎಂಪಿ ಡಿಅಮೈನೇಸ್. ಅದು ಎಎಂಪಿಯಿಂದ ಅಮೋನಿಯವನ್ನು ಕಿತ್ತು ಐಎಂಪಿಯನ್ನಾಗಿ ಮಾಡುತ್ತದೆ. ಎಎಂಪಿ ಕಡಿಮೆಯಾದಂತೆ ಅಡೆನಿಲೇಟ್ ಕೈನೇಸ್ ಮತ್ತಷ್ಟು ಎಡಿಪಿಯನ್ನು ಎಟಿಪಿಯ ಕಡೆಗೆ ತಳ್ಳಲು ಅವಕಾಶವಾಗುತ್ತದೆ. ನೀರಿಗಾಗಿ ಕೊಡವನ್ನೇ ಮಾರಿದ ಹಾಗೆ ಇದು, ತುರ್ತಿಗೆ ಸರಿ. ಐಎಂಪಿಯ ಬಹುಪಾಲು ಮರಳಿ ಎಎಂಪಿ ಆಗುತ್ತದೆಯಾದರೂ ಒಂದಿಷ್ಟು ಇನೋಸಿನ್, ಹೈಪೊಕ್ಸಾಂಥಿನ್, ಕ್ಸಾಂಥಿನ್ ಎಂದು ಇಳಿಯುತ್ತ ಕೊನೆಗೆ ಯೂರಿಕ್ ಆಮ್ಲವಾಗುತ್ತದೆ. ತೀವ್ರ ವ್ಯಾಯಾಮದ ಬಳಿಕ ರಕ್ತದಲ್ಲಿ ಅಮೋನಿಯವೂ ಯೂರಿಕ್ ಆಮ್ಲವೂ ಏರುವುದಕ್ಕೆ ಇದು ಕಾರಣ. ಸತ್ತ ಮೀನಿನಲ್ಲಿಯೂ ಇದೇ ಸರಣಿ ನಡೆಯುತ್ತದೆ, ಮರಳಿ ಕಟ್ಟುವವರಿಲ್ಲ ಅಷ್ಟೇ. ಐಎಂಪಿ ಹಂತದಲ್ಲಿ ಮೀನು ರುಚಿ, ಹೈಪೊಕ್ಸಾಂಥಿನ್ ಹಂತ ತಲುಪಿದರೆ ತಾಜಾತನ ಹೋಯಿತೆಂದು ಲೆಕ್ಕ. ಜಪಾನಿನಲ್ಲಿ ಮೀನಿನ ತಾಜಾತನವನ್ನು ಅಂಕಿಯಲ್ಲಿ ಹೇಳುವ ಪದ್ಧತಿ ಈ ಸರಣಿಯನ್ನೇ ಆಧರಿಸಿದೆ. ಮಂಗಳೂರಿನ ಧಕ್ಕೆಯಲ್ಲಿ ಕಿವಿರು ಎತ್ತಿ ನೋಡಿ ಚೌಕಾಸಿ ಮಾಡುವವರಿಗೆ ಅಂಕಿ ಬೇಕಿಲ್ಲ, ಆದರೆ ಅವರು ಅಂದಾಜು ಮಾಡುವ ತಾಜಾತನದ ಒಳಗೂ ಇದೇ ರಸಾಯನಶಾಸ್ತ್ರವಿದೆ.

ಮನುಷ್ಯರಲ್ಲಿ ಈ ಕಿಣ್ವದ ಒಂಬತ್ತು ರೂಪಗಳನ್ನು ಗುರುತಿಸಿ ಒಂದರಿಂದ ಒಂಬತ್ತರವರೆಗೆ ಸಂಖ್ಯೆ ಕೊಟ್ಟಿದ್ದಾರೆ. ಮೊದಲನೆಯದು ಸ್ನಾಯು, ಮಿದುಳು, ಕೆಂಪು ರಕ್ತಕಣಗಳ ಕೋಶರಸದಲ್ಲಿ, ಎರಡನೆಯದು ಮೈಟೊಕಾಂಡ್ರಿಯದ ಎರಡು ಪೊರೆಗಳ ನಡುವೆ, ಮೂರನೆಯದು ಅದರ ಒಳಗರ್ಭದಲ್ಲಿ. ಈ ಮೂರನೆಯದು ಎಟಿಪಿಯ ಬದಲು ಜಿಟಿಪಿಯಿಂದ, ಅಂದರೆ ಜಿಎಂಪಿಯ ಮೂರು ಫಾಸ್ಫೇಟಿನ ರೂಪದಿಂದ, ಫಾಸ್ಫೇಟ್ ತೆಗೆದುಕೊಳ್ಳುತ್ತದೆ. ಮೊದಲನೆಯ ರೂಪದಲ್ಲಿ ಜನರಿಂದ ಜನರಿಗೆ ಸಣ್ಣ ವ್ಯತ್ಯಾಸಗಳಿವೆ ಎಂದು 1966ರಲ್ಲಿ ಲಂಡನ್ನಿನಲ್ಲಿ ತೋರಿಸಲಾಯಿತು. ಡಿಎನ್‌ಎ ಪರೀಕ್ಷೆ ಬರುವ ಮುನ್ನ ರಕ್ತದ ಕಲೆ ಯಾರದ್ದಿರಬಹುದು, ಮಗು ಯಾರದ್ದಿರಬಹುದು ಎಂಬ ಮೊಕದ್ದಮೆಗಳಲ್ಲಿ ಈ ವ್ಯತ್ಯಾಸವೂ ಸಾಕ್ಷಿ ಹೇಳಿದೆ. ಮೊದಲನೆಯ ರೂಪ ಹುಟ್ಟಿನಿಂದಲೇ ಕೊರತೆಯಾದವರಲ್ಲಿ ಕೆಂಪು ಕಣಗಳು ಬೇಗ ಒಡೆಯುವ ರಕ್ತಹೀನತೆ ಕಂಡುಬಂದಿದೆ. ಅದು ಬಲು ಅಪರೂಪ.

ಎರಡನೆಯ ರೂಪದ ಕೊರತೆ ಹೆಚ್ಚು ಕ್ರೂರ. ಹುಟ್ಟಿದ ಮಗುವಿಗೆ ಬಿಳಿ ರಕ್ತಕಣಗಳು ಬಹುತೇಕ ಇಲ್ಲದೆ, ಕಿವಿಯೂ ಕೇಳದಿರುವ ಸ್ಥಿತಿಯೊಂದನ್ನು ರೆಟಿಕ್ಯುಲರ್ ಡಿಸ್‌ಜೆನೆಸಿಸ್ ಎನ್ನುತ್ತಾರೆ. 1959ರಲ್ಲಿ ಅವಳಿ ಶಿಶುಗಳಲ್ಲಿ ಮೊದಲು ವರ್ಣಿತವಾದ ಈ ರೋಗಕ್ಕೆ ಕಾರಣ ಐವತ್ತು ವರ್ಷ ತಿಳಿದಿರಲಿಲ್ಲ. ಎರಡನೆಯ ಅಡೆನಿಲೇಟ್ ಕೈನೇಸಿನ ಜೀನಿನಲ್ಲಿನ ದೋಷವೇ ಮೂಲವೆಂದು 2009ರಲ್ಲಿ ಎರಡು ತಂಡಗಳು ಏಕಕಾಲಕ್ಕೆ ಪ್ರಕಟಿಸಿದವು. ರಕ್ತಕ್ಕೂ ಕಿವಿಗೂ ಏನು ಸಂಬಂಧ ಎಂದು ಯಾರಿಗಾದರೂ ಅನಿಸುತ್ತದೆ. ಉಳಿದ ಅಂಗಗಳಲ್ಲಿ ಮೊದಲನೆಯ ರೂಪವೂ ಇರುವುದರಿಂದ ಅವು ಹೇಗೋ ನಿಭಾಯಿಸುತ್ತವೆ; ಬಿಳಿ ಕಣಗಳ ಮೂಲಕೋಶಗಳಿಗೂ ಒಳಕಿವಿಗೂ ಆ ಆಸರೆ ಇಲ್ಲ ಎಂಬುದು ಅಂದು ನೀಡಿದ ವಿವರಣೆ. ಅಸ್ಥಿಮಜ್ಜೆಯ ಕಸಿಯಿಂದ ರಕ್ತವನ್ನು ಸರಿಪಡಿಸಬಹುದು, ಆದರೆ ಶ್ರವಣ ಮರಳುವುದಿಲ್ಲ.

ಮಲೇರಿಯಾ ಪರಾವಲಂಬಿಯ ಮಾತನ್ನೂ ಸೇರಿಸುತ್ತೇನೆ. ಅದಕ್ಕೆ ಪ್ಯೂರಿನ್ ಉಂಗುರವನ್ನು ತಾನೇ ಕಟ್ಟಲು ಬರುವುದಿಲ್ಲ. ನಮ್ಮ ಕೆಂಪು ಕಣದಿಂದ ಹೈಪೊಕ್ಸಾಂಥಿನ್ ಕದ್ದು ಐಎಂಪಿ, ಎಎಂಪಿ ಎಂದು ಕಟ್ಟಿಕೊಂಡು, ತನ್ನದೇ ಅಡೆನಿಲೇಟ್ ಕೈನೇಸುಗಳಿಂದ ಮುಂದಿನ ಫಾಸ್ಫೇಟ್ ಸೇರಿಸಿಕೊಳ್ಳುತ್ತದೆ. ಈ ಕದಿಯುವ ದಾರಿಯ ಕಿಣ್ವಗಳ ಬಗ್ಗೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಹೇಮಲತಾ ಬಲರಾಮ್ ಅವರ ತಂಡ ದೀರ್ಘಕಾಲ ಕೆಲಸ ಮಾಡಿದೆ. ಆಸಕ್ತ ವಿದ್ಯಾರ್ಥಿಗಳು ದೂರ ಹೋಗಬೇಕಿಲ್ಲ.

ಉಪನ್ಯಾಸ ಮುಗಿದ ಮೇಲೆ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬರು ಕೇಳಿದ ಪ್ರಶ್ನೆ ಇದು: "ಸರ್, ಈ ಕಿಣ್ವವನ್ನು ಸ್ನಾಯುವಿನಲ್ಲಿ ಹೆಚ್ಚು ಮಾಡಿದರೆ ಓಟಗಾರರಿಗೆ ಹೆಚ್ಚು ಶಕ್ತಿ ಸಿಗುವುದಿಲ್ಲವೇ?" ಸಿಗುವುದಿಲ್ಲ ಎಂದೆ. ಕಿಣ್ವವು ಸಮತೋಲವನ್ನು ಬೇಗ ತಲುಪಿಸುತ್ತದೆ, ಸಮತೋಲದ ಜಾಗವನ್ನು ಬದಲಾಯಿಸುವುದಿಲ್ಲ. ಸ್ನಾಯುವಿನಲ್ಲಿ ಅದು ಈಗಾಗಲೇ ಬೇಕಾದಷ್ಟಿದ್ದು, ಮೂರೂ ಅಣುಗಳನ್ನು ಸಮತೋಲದ ಹತ್ತಿರವೇ ಇರಿಸಿದೆ. ಸುರಿಯುವ ಕೈಗಳನ್ನು ಎರಡು ಪಟ್ಟು ಮಾಡಿದ ಮಾತ್ರಕ್ಕೆ ನೀರು ಹೆಚ್ಚುವುದಿಲ್ಲ. "ಹಾಗಾದರೆ ತೆಗೆದುಬಿಟ್ಟರೆ?" ಎಂದು ಆಕೆ ಮರುಪ್ರಶ್ನೆ ಹಾಕಿದರು. ಅದನ್ನು ಮಾಡಿ ನೋಡಿದ್ದಾರೆ. ಮೊದಲನೆಯ ರೂಪದ ಜೀನನ್ನು ತೆಗೆದ ಇಲಿಗಳ ಕುರಿತ ವರದಿ 2000ದಲ್ಲಿ ಬಂತು. ಆ ಇಲಿಗಳು ಬದುಕಿದವು, ಅವುಗಳ ಸ್ನಾಯುಗಳು ಸಂಕುಚಿಸಿದವು, ಬೇರೆ ಕಿಣ್ವಗಳು ಒಂದಿಷ್ಟು ಹೊರೆ ಹೊತ್ತವು. ಆದರೆ ಅಷ್ಟೇ ಕೆಲಸಕ್ಕೆ ಅವುಗಳ ಸ್ನಾಯು ಹೆಚ್ಚು ಎಟಿಪಿ ಖರ್ಚು ಮಾಡಬೇಕಾಯಿತು.